ಮಹಾರಾಷ್ಟ್ರದ ಎಂಜಿನಿಯರಿಂಗ್ ಕ್ಯಾಪ್ ಪ್ರವೇಶ: ಮುಂಬೈ, ಪುಣೆಯ ಕನ್ನಡ ಮನೆಗಳಿಗಾಗಿ ಒಂದು ವಿಮರ್ಶೆ

ಪುಣೆಯ ಸಿಒಇಪಿ ಆಗಲಿ, ಮಾಟುಂಗದ ವಿಜೆಟಿಐ ಆಗಲಿ, ಅಂಧೇರಿಯ ಸರ್ದಾರ್ ಪಟೇಲ್ ಇನ್‌ಸ್ಟಿಟ್ಯೂಟ್ ಆಗಲಿ, ಅಲ್ಲಿನ ಬಹುಪಾಲು ಕಂಪ್ಯೂಟರ್ ಸೀಟುಗಳನ್ನು ಹಂಚುವ ಅಧಿಕಾರ ಆ ಕಾಲೇಜುಗಳ ಕೈಯಲ್ಲಿಲ್ಲ. ಅವನ್ನು ಹಂಚುವುದು ರಾಜ್ಯ ಸಿಇಟಿ ಸೆಲ್ (ಸಾಮಾನ್ಯ ಪ್ರವೇಶ ಪರೀಕ್ಷೆಯ ಕಚೇರಿ) ನಡೆಸುವ ಕೇಂದ್ರೀಕೃತ ಪ್ರವೇಶ ಪ್ರಕ್ರಿಯೆ, ಜನರ ಬಾಯಲ್ಲಿ ಕ್ಯಾಪ್. ಕಚೇರಿ ಮುಂಬೈ ಕೋಟೆ ಭಾಗದ ನ್ಯೂ ಎಕ್ಸೆಲ್ಸಿಯರ್ ಕಟ್ಟಡದಲ್ಲಿದೆ, ಆದರೆ ಕೆಲಸವೆಲ್ಲ ಲಾಗಿನ್ ಮೂಲಕವೇ ನಡೆಯುತ್ತದೆ. ಈ ಸೇವೆ ಎಷ್ಟು ಚೆನ್ನಾಗಿದೆ, ಎಲ್ಲಿ ಎಡವಿಸುತ್ತದೆ, ಕನ್ನಡ ಮನೆಗಳ ಮಕ್ಕಳು ಎಲ್ಲಿ ಸೀಟು ಕಳೆದುಕೊಳ್ಳುತ್ತಾರೆ ಎಂಬುದನ್ನು ಇಲ್ಲಿ ಬಿಡಿಸಿ ಬರೆದಿದೆ.

ಮೊದಲು ತೀರ್ಪು. ಸೀಟು ಹಂಚುವ ಯಂತ್ರ ಪ್ರಾಮಾಣಿಕವಾಗಿದೆ. ಅದನ್ನು ಕಣ್ಣುಮುಚ್ಚಿ ನಂಬಬಹುದು. ಕಷ್ಟ ಇರುವುದು ಅದಕ್ಕೂ ಮುಂಚಿನ ಕಾಗದಪತ್ರದಲ್ಲಿ ಮತ್ತು ಆಯ್ಕೆಪಟ್ಟಿಯ ಕ್ರಮದಲ್ಲಿ. ಒಳ್ಳೆಯ ಪರ್ಸೆಂಟೈಲ್ ತಂದ ಮಗು ಒಂದು ಪ್ರಮಾಣಪತ್ರ ಇಲ್ಲದ್ದಕ್ಕೆ ಹೊರಗೆ ನಿಲ್ಲುತ್ತದೆ. ಆ ಕಾಗದಕ್ಕೆ ಓಡಾಡಬೇಕಾದ್ದು ಹನ್ನೊಂದನೇ ತರಗತಿಯಲ್ಲಿ. ಮನೆಯವರು ಓಡಾಡಲು ಶುರುಮಾಡುವುದು ರಿಸಲ್ಟ್ ಬಂದ ಮೇಲೆ.

ಪರೀಕ್ಷೆಯ, ಅಂದರೆ ಎಂಎಚ್‌ಟಿ-ಸಿಇಟಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪಿಸಿಎಂ ಗುಂಪಿಗೆ ಒಟ್ಟು 200 ಅಂಕ. ಭೌತಶಾಸ್ತ್ರ, ರಸಾಯನಶಾಸ್ತ್ರ ತಲಾ 50 ಪ್ರಶ್ನೆ, ಪ್ರತಿಯೊಂದಕ್ಕೆ 1 ಅಂಕ, ಎರಡಕ್ಕೂ ಸೇರಿ 90 ನಿಮಿಷ. ಗಣಿತ 50 ಪ್ರಶ್ನೆ, ತಲಾ 2 ಅಂಕ, ಇನ್ನೊಂದು 90 ನಿಮಿಷ. ಅಂದರೆ ಒಟ್ಟು ಅಂಕದಲ್ಲಿ ಅರ್ಧ ಗಣಿತದ್ದೇ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಸುಮಾರು 20 ಭಾಗ ಹನ್ನೊಂದನೇ ತರಗತಿಯ ಪಾಠ, 80 ಭಾಗ ಹನ್ನೆರಡನೆಯದು. ಹಲವು ಪಾಳಿಗಳಲ್ಲಿ ಪರೀಕ್ಷೆ ನಡೆಯುವುದರಿಂದ ಫಲಿತಾಂಶ ಪರ್ಸೆಂಟೈಲ್‌ನಲ್ಲಿ (ಅದೇ ಪಾಳಿಯಲ್ಲಿ ಬರೆದ ನೂರಕ್ಕೆ ಎಷ್ಟು ಮಂದಿ ನಿಮ್ಮಷ್ಟೇ ಅಥವಾ ಅದಕ್ಕಿಂತ ಕಡಿಮೆ ಅಂಕ ತಂದರು ಎಂಬ ಲೆಕ್ಕದಲ್ಲಿ) ಬರುತ್ತದೆ, ಅದೂ ದಶಮಾಂಶದ ಏಳು ಸ್ಥಾನದವರೆಗೆ. ಬೇರೆ ಪಾಳಿಯಲ್ಲಿ ಬರೆದ ಪಕ್ಕದ ಮನೆಯ ಹುಡುಗನ ಅಂಕದ ಜೊತೆ ನಿಮ್ಮ ಮಗಳ ಅಂಕ ಹೋಲಿಸಿ ಪ್ರಯೋಜನವಿಲ್ಲ.

ಕರ್ನಾಟಕದಿಂದ ಬಂದವರಿಗೆ ಇಲ್ಲೊಂದು ದೊಡ್ಡ ವ್ಯತ್ಯಾಸವಿದೆ. ಅಲ್ಲಿ ಕೆಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕದ ಅರ್ಧ, ಸಿಇಟಿಯ ಅರ್ಧ ಸೇರುತ್ತದೆ. ಮಹಾರಾಷ್ಟ್ರದಲ್ಲಿ ಹನ್ನೆರಡನೆಯ ತರಗತಿಯ ಅಂಕ ಬೇಕಾಗುವುದು ಅರ್ಹತೆಗೆ ಮಾತ್ರ: ಪಿಸಿಎಂನಲ್ಲಿ 45 ಶೇಕಡ, ಮೀಸಲು ವರ್ಗಕ್ಕೆ 40. ಅದು ದಾಟಿದರೆ ಸೀಟು ನಿರ್ಧರಿಸುವುದು ಸಿಇಟಿ ಪರ್ಸೆಂಟೈಲ್ ಒಂದೇ. ಬೋರ್ಡಿನಲ್ಲಿ 95 ತೆಗೆದು ಸಿಇಟಿಯಲ್ಲಿ 92 ಪರ್ಸೆಂಟೈಲ್‌ಗೆ ನಿಂತ ಮಗುವಿಗೆ ಆ 95 ಇಲ್ಲಿ ನೆರವಾಗುವುದಿಲ್ಲ.

ಪರ್ಸೆಂಟೈಲ್ ನೋಡಿ ಸಮಾಧಾನಪಡುವುದೂ ತಪ್ಪು. 4 ಲಕ್ಷ ಮಂದಿ ಬರೆದರೆ 0.1 ಪರ್ಸೆಂಟೈಲ್ ಎಂದರೆ 400 ಮಂದಿ. 99.5 ಮತ್ತು 99.8ರ ನಡುವೆ ಸುಮಾರು 1200 ಮಕ್ಕಳು ನಿಂತಿರುತ್ತಾರೆ. ವಿಜೆಟಿಐ, ಸಿಒಇಪಿಯ ಸಾಮಾನ್ಯ ವರ್ಗದ ಕಂಪ್ಯೂಟರ್ ಸೀಟು ಮುಗಿಯುವುದು 99.8ಕ್ಕಿಂತ ಮೇಲೆಯೇ. ಬರೆಯುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ಹಿಂದಿನ ಕಟ್‌ಆಫ್ ನೋಡುವಾಗ ಪರ್ಸೆಂಟೈಲ್‌ಗಿಂತ ಅದರ ಪಕ್ಕದ ಮೆರಿಟ್ ನಂಬರನ್ನೇ ಹಿಡಿಯಿರಿ.

ಈಗ ಮುಖ್ಯ ವಿಷಯಕ್ಕೆ ಬರೋಣ: ಅಭ್ಯರ್ಥಿಯ ಟೈಪ್. ಅರ್ಜಿಯಲ್ಲಿ ಎ, ಬಿ, ಸಿ, ಡಿ, ಇ ಎಂದು ಐದು ಬಗೆಯಿವೆ. ಹತ್ತನೆಯದು, ಹನ್ನೆರಡನೆಯದು ಎರಡನ್ನೂ ಮಹಾರಾಷ್ಟ್ರದಲ್ಲೇ ಪಾಸು ಮಾಡಿ, ಇಲ್ಲಿ ಹುಟ್ಟಿದ ಅಥವಾ ಇಲ್ಲಿನ ಡೊಮಿಸೈಲ್ (ಕಾಯಂ ವಾಸದ ಪ್ರಮಾಣಪತ್ರ) ಇರುವ ಮಗು ಟೈಪ್ ಎ. ಸಿಬಿಎಸ್‌ಇ ಶಾಲೆಯಾದರೂ ಶಾಲೆ ರಾಜ್ಯದೊಳಗಿದ್ದರೆ ಆಯಿತು. ಅಕ್ಕಲಕೋಟೆ, ಜತ್ತ ಕಡೆಯ ಕನ್ನಡ ಮಾಧ್ಯಮದ ಶಾಲೆಗಳ ಮಕ್ಕಳೂ ಇದರಲ್ಲೇ ಬರುತ್ತಾರೆ. ಮಾಧ್ಯಮ ಯಾವುದೆಂದು ಯಾರೂ ಕೇಳುವುದಿಲ್ಲ.

ಕನ್ನಡ ಮನೆಗಳು ಎಡವುವುದು ಇಲ್ಲಿ ಎರಡು ಕಡೆ. ಒಂದು, ಹುಟ್ಟಿದ ಊರು. ಚೊಚ್ಚಲ ಬಾಣಂತನ ತವರಿನಲ್ಲಿ ಎಂಬುದು ನಮ್ಮ ಪದ್ಧತಿ. ತಾಯಿ ಡೊಂಬಿವಿಲಿಯಲ್ಲಿ ಇಪ್ಪತ್ತು ವರ್ಷ ಸಂಸಾರ ಮಾಡಿರಬಹುದು, ಮಗುವಿನ ಲೀವಿಂಗ್ ಸರ್ಟಿಫಿಕೇಟಿನಲ್ಲಿ ಹುಟ್ಟಿದ ಸ್ಥಳ ಉಡುಪಿಯೋ ವಿಜಯಪುರವೋ ಎಂದಿರುತ್ತದೆ. ಒಂದನೇ ತರಗತಿಯಿಂದ ಇಲ್ಲೇ ಓದಿದ್ದರೂ ‘ಮಹಾರಾಷ್ಟ್ರದಲ್ಲಿ ಜನನ’ ಎಂಬುದು ಆಗ ಸಿಗದು. ಡೊಮಿಸೈಲ್ ಪ್ರಮಾಣಪತ್ರ ಕಡ್ಡಾಯವಾಗುತ್ತದೆ. ಅದು ‘ವಯ, ರಾಷ್ಟ್ರೀಯತ್ವ ವ ಅಧಿವಾಸ’ ಎಂಬ ಹೆಸರಿನಲ್ಲಿ ಆಪಲೆ ಸರ್ಕಾರ್ ಪೋರ್ಟಲ್ ಅಥವಾ ಸೇತು ಕೇಂದ್ರದ ಮೂಲಕ ತಹಶೀಲ್ದಾರ ಕಚೇರಿಯಿಂದ ಬರುತ್ತದೆ. 15 ವರ್ಷ ವಾಸವಿದ್ದ ದಾಖಲೆ ಕೇಳುತ್ತಾರೆ. ಬಾಡಿಗೆ ಮನೆ ಬದಲಿಸುತ್ತ ಬಂದವರ ಬಳಿ ಹಳೆಯ ವಿದ್ಯುತ್ ಬಿಲ್ಲಾಗಲಿ ಕರಾರುಪತ್ರವಾಗಲಿ ಇರುವುದಿಲ್ಲ. ಮಗುವಿನ ಶಾಲಾ ದಾಖಲೆಯನ್ನು ಬಾಲವಾಡಿಯಿಂದ ಜೋಡಿಸಿಟ್ಟರೆ ಕೆಲಸ ಹಗುರವಾಗುತ್ತದೆ. ಜೂನ್ ತಿಂಗಳಲ್ಲಿ ಎಲ್ಲರೂ ಒಟ್ಟಿಗೆ ಸಾಲುಗಟ್ಟುವುದರಿಂದ ಪ್ರಮಾಣಪತ್ರ ತಡವಾಗುತ್ತದೆ. ಹನ್ನೊಂದನೆಯ ತರಗತಿಯ ದೀಪಾವಳಿ ರಜೆಯಲ್ಲೇ ಅರ್ಜಿ ಹಾಕಿಬಿಡಿ.

ಎರಡು, ಊರಿನ ಪಿಯು ಕಾಲೇಜು. ಮೂಡುಬಿದಿರೆ, ಕಾರ್ಕಳ, ಮಂಗಳೂರಿನ ಹಾಸ್ಟೆಲ್ಲಿಗೆ ಮಕ್ಕಳನ್ನು ಕಳಿಸುವ ಮುಂಬೈ ಮನೆಗಳು ಬಹಳ. ಓದು ಚೆನ್ನಾಗಿಯೇ ಆಗುತ್ತದೆ, ಆದರೆ ಹನ್ನೆರಡನೆಯದನ್ನು ರಾಜ್ಯದ ಹೊರಗೆ ಪಾಸು ಮಾಡಿದ ದಿನವೇ ಟೈಪ್ ಎ ಕೈತಪ್ಪುತ್ತದೆ. ಆಗ ಉಳಿಯುವುದು ಟೈಪ್ ಬಿ. ಅದಕ್ಕೆ ಮಗುವಿಗೋ ತಂದೆಗೋ ತಾಯಿಗೋ ಮಹಾರಾಷ್ಟ್ರದ ಡೊಮಿಸೈಲ್ ಇರಲೇಬೇಕು. ಅದೂ ಇಲ್ಲದೆ, ಮುಂದೆ ಹೇಳುವ ಟೈಪುಗಳಿಗೂ ಹೊಂದದಿದ್ದರೆ ಮಗು ರಾಜ್ಯದ ಸೀಟುಗಳಿಂದ ಹೊರಗೆ. ಪಿಯುಗೆ ಸೇರಿಸುವ ಮೊದಲೇ ಈ ಲೆಕ್ಕ ಹಾಕಿರಬೇಕು.

ವರ್ಗಾವಣೆಯ ಮೇಲೆ ಬಂದ ಮನೆಗಳಿಗೆ ಟೈಪ್ ಸಿ ಇದೆ. ತಂದೆ ಅಥವಾ ತಾಯಿ ಕೇಂದ್ರ ಸರ್ಕಾರದ ಇಲ್ಲವೇ ಕೇಂದ್ರದ ಉದ್ದಿಮೆಯ ನೌಕರರಾಗಿ, ಅರ್ಜಿಯ ಕೊನೆಯ ದಿನಕ್ಕೆ ಮುಂಚೆ ಮಹಾರಾಷ್ಟ್ರದಲ್ಲಿ ಕೆಲಸಕ್ಕೆ ಹಾಜರಾಗಿರಬೇಕು. ಕೆನರಾ ಬ್ಯಾಂಕಿನವರಿಗೆ, ಬ್ಯಾಂಕ್ ಆಫ್ ಬರೋಡಾದಲ್ಲಿ 2019ರಲ್ಲಿ ಸೇರಿಹೋದ ವಿಜಯಾ ಬ್ಯಾಂಕಿನ ಹಳಬರಿಗೆ ಈ ದಾರಿ ಉಂಟು. ಕರ್ನಾಟಕ ಬ್ಯಾಂಕ್ ಖಾಸಗಿಯಾದ್ದರಿಂದ ಅಲ್ಲಿಯವರಿಗೆ ಇಲ್ಲ. ಬ್ಯಾಂಕ್ ಎಂದರೆ ಎಲ್ಲ ಒಂದೇ ಎಂದು ಭಾವಿಸಿ ಅರ್ಜಿ ತುಂಬಿದರೆ ಸ್ಕ್ರೂಟಿನಿಯಲ್ಲಿ, ಅಂದರೆ ದಾಖಲೆ ಪರಿಶೀಲನೆಯಲ್ಲಿ, ಸಿಕ್ಕಿಬೀಳುತ್ತದೆ. ಟೈಪ್ ಡಿ ಮಹಾರಾಷ್ಟ್ರ ಸರ್ಕಾರದ ನೌಕರರ ಮಕ್ಕಳಿಗೆ. ಟೈಪ್ ಇ ಗಡಿ ಭಾಗದ ಮರಾಠಿ ಮಾತೃಭಾಷೆಯವರಿಗೆ ಮೀಸಲು. ‘ಗಡಿ’ ಎಂಬ ಪದ ಕಂಡು ಬೆಳಗಾವಿಯ ಕನ್ನಡ ಮನೆಯವರು ಅದನ್ನು ಆರಿಸುವ ಹಾಗಿಲ್ಲ.

ಯಾವ ಟೈಪಿಗೂ ಹೊಂದದ ಮಗುವಿಗೆ ದಾರಿ ಪೂರ್ತಿ ಮುಚ್ಚಿಲ್ಲ. ಅನುದಾನರಹಿತ ಕಾಲೇಜುಗಳಲ್ಲಿ ಜೆಇಇ ಮೇನ್ ಆಧಾರದ ಮೇಲೆ 15 ಶೇಕಡ ಅಖಿಲ ಭಾರತ ಸೀಟುಗಳಿವೆ. ಟೈಪ್ ಎ ಮಕ್ಕಳೂ ಅದಕ್ಕೆ ಅರ್ಹರು. ಜೆಇಇ ಬರೆದಿದ್ದರೆ, ಅಂಕ ಸಾಧಾರಣವಾಗಿದ್ದರೂ, ಅರ್ಜಿಯಲ್ಲಿ ಆ ಕಾಲಂ ತುಂಬದೆ ಬಿಡಬೇಡಿ. ಒಂದೇ ಮಗುವಿಗೆ ಎರಡು ಮೆರಿಟ್ ಪಟ್ಟಿಯಲ್ಲಿ ಹೆಸರು ಬರುತ್ತದೆ.

ಜಾತಿ ಪ್ರಮಾಣಪತ್ರದ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳಬೇಕು, ಏಕೆಂದರೆ ಇದರಲ್ಲಿ ಆಸೆ ಇಟ್ಟು ತಿಂಗಳುಗಟ್ಟಲೆ ಅಲೆಯುವವರಿದ್ದಾರೆ. ಕರ್ನಾಟಕದ ಪ್ರವರ್ಗ 1, 2ಎ, 3ಎ, 3ಬಿ ಯಾವುದೂ ಇಲ್ಲಿ ನಡೆಯುವುದಿಲ್ಲ. ಮಹಾರಾಷ್ಟ್ರದಲ್ಲಿ ಮೀಸಲಾತಿ ಬೇಕಾದರೆ ಜಾತಿ ಇಲ್ಲಿನ ಪಟ್ಟಿಯಲ್ಲಿರಬೇಕು, ಜೊತೆಗೆ ಕುಟುಂಬ ಒಂದು ನಿಗದಿತ ದಿನಕ್ಕೆ ಮುಂಚೆಯೇ ಈ ರಾಜ್ಯದಲ್ಲಿ ನೆಲೆಸಿದ್ದಕ್ಕೆ ಪುರಾವೆ ಬೇಕು. ಪರಿಶಿಷ್ಟ ಜಾತಿಗೆ 10 ಆಗಸ್ಟ್ 1950, ಪರಿಶಿಷ್ಟ ಪಂಗಡಕ್ಕೆ 6 ಸೆಪ್ಟೆಂಬರ್ 1950, ವಿಮುಕ್ತ ಮತ್ತು ಅಲೆಮಾರಿ ಜಾತಿಗಳಿಗೆ 21 ನವೆಂಬರ್ 1961, ಒಬಿಸಿಗೆ 13 ಅಕ್ಟೋಬರ್ 1967. ಅಜ್ಜ 1955ರಲ್ಲಿ ಮುಂಬೈಗೆ ಬಂದು ಹೋಟೆಲಿನಲ್ಲಿ ಕೆಲಸಕ್ಕೆ ನಿಂತಿದ್ದರೆ ಒಬಿಸಿಗೆ ಅವಕಾಶವಿದೆ. ಪಾಲಿಕೆಯ ರಾತ್ರಿಶಾಲೆಯ ದಾಖಲೆ, ಹಳೆಯ ಪಡಿತರ ಚೀಟಿ, ಮತದಾರರ ಪಟ್ಟಿ, ಮಿಲ್ಲಿನ ಸೇವಾ ಪುಸ್ತಕ ಹುಡುಕಿ ತೆಗೆಯಬೇಕು. 1970ರ ನಂತರ ಬಂದ ಮನೆಯಾದರೆ ಸಾಮಾನ್ಯ ವರ್ಗವೆಂದೇ ತಿಳಿದು ಆ ಶ್ರಮವನ್ನು ಗಣಿತದ ಮೇಲೆ ಹಾಕುವುದು ಮೇಲು.

ಜಾತಿ ಪ್ರಮಾಣಪತ್ರ ಸಿಕ್ಕವರಿಗೂ ಕೆಲಸ ಮುಗಿಯುವುದಿಲ್ಲ. ಜಾತಿಯನ್ನು ಪರಿಶೀಲಿಸಿ ಕೊಡುವ ವ್ಯಾಲಿಡಿಟಿ ಪತ್ರ ಬೇರೆ, ಕುಟುಂಬ ಕೆನೆಪದರಕ್ಕೆ ಸೇರಿಲ್ಲ ಎಂಬ ನಾನ್ ಕ್ರೀಮಿ ಲೇಯರ್ ಪತ್ರ ಬೇರೆ. ನಾನ್ ಕ್ರೀಮಿ ಲೇಯರ್ ಪತ್ರ ಪ್ರವೇಶದ ಮುಂದಿನ ವರ್ಷದ ಮಾರ್ಚ್ 31ರವರೆಗೆ ಚಾಲ್ತಿಯಲ್ಲಿರಬೇಕು. ಹೋದ ವರ್ಷದ್ದನ್ನು ಹಾಗೇ ಏರಿಸಿದರೆ ತಿರಸ್ಕಾರವಾಗುತ್ತದೆ. ಅರ್ಜಿ ಹಾಕಿದ ರಸೀದಿಯ ಮೇಲೆ ಆರಂಭದಲ್ಲಿ ಬಿಡುತ್ತಾರೆ, ಆದರೆ ಕೊಟ್ಟ ಗಡುವಿನೊಳಗೆ ಮೂಲ ಪತ್ರ ಬರದಿದ್ದರೆ ಮಗುವನ್ನು ಓಪನ್ ವರ್ಗಕ್ಕೆ ತಳ್ಳಲಾಗುತ್ತದೆ, ಮೀಸಲು ಸೀಟು ರದ್ದಾಗುತ್ತದೆ.

ದಾಖಲೆ ಪರಿಶೀಲನೆಗೆ ಇ-ಸ್ಕ್ರೂಟಿನಿ ಮತ್ತು ಕೇಂದ್ರಕ್ಕೆ ಹೋಗಿ ಮಾಡಿಸುವುದು ಎಂದು ಎರಡು ಬಗೆ. ಕಾಗದ ಸರಳವಾಗಿದ್ದರೆ ಇ-ಸ್ಕ್ರೂಟಿನಿ ಸಾಕು, ಮನೆಯಲ್ಲೇ ಕೂತು ಮುಗಿಯುತ್ತದೆ. ಹೊರರಾಜ್ಯದ ಅಂಕಪಟ್ಟಿ, ಟೈಪ್ ಬಿ, ಟೈಪ್ ಸಿ ಇದ್ದರೆ ಹತ್ತಿರದ ಕೇಂದ್ರಕ್ಕೆ ಹೋಗುವುದೇ ಒಳ್ಳೆಯದು. ಎದುರಿಗಿದ್ದವರಿಗೆ ತೋರಿಸಿ ಕೇಳಬಹುದು. ಇನ್ನೊಂದು ಮಾತು, ಹೆಸರು. ನಮ್ಮಲ್ಲಿ ಇನಿಷಿಯಲ್ ಮುಂದೆ, ಊರ ಹೆಸರು ಒಮ್ಮೆ ಇದ್ದು ಒಮ್ಮೆ ಇಲ್ಲ. ಇಲ್ಲಿ ಅಡ್ಡಹೆಸರು, ಸ್ವಂತ ಹೆಸರು, ತಂದೆಯ ಹೆಸರು ಎಂಬ ಕ್ರಮ. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಹೇಗಿದೆಯೋ ಹಾಗೇ ಎಲ್ಲ ಕಡೆ ಬರೆಯಿರಿ. ತಾತ್ಕಾಲಿಕ ಮೆರಿಟ್ ಪಟ್ಟಿ ಬಂದ ಮೇಲೆ ತಕರಾರು ಸಲ್ಲಿಸಲು ಕೆಲವೇ ದಿನ ಸಿಗುತ್ತದೆ. ಟೈಪ್, ವರ್ಗ, ಲಿಂಗ, ಅಂಕ ನಾಲ್ಕನ್ನೂ ಆಗಲೇ ಒಮ್ಮೆ ಓದಿ. ಅಂತಿಮ ಪಟ್ಟಿಯ ನಂತರ ತಿದ್ದುಪಡಿ ಕಷ್ಟ.

ಇನ್ನು ಆಯ್ಕೆಪಟ್ಟಿ, ಅಂದರೆ ಆಪ್ಷನ್ ಫಾರ್ಮ್. 300 ಆಯ್ಕೆಗಳವರೆಗೆ ತುಂಬಬಹುದು. ಈ ಸೇವೆಯ ಅತ್ಯಂತ ಒಳ್ಳೆಯ ಭಾಗ ಇದೇ, ಜನ ಅತ್ಯಂತ ತಪ್ಪಾಗಿ ತಿಳಿದಿರುವುದೂ ಇದನ್ನೇ. ಯಂತ್ರ ಮೆರಿಟ್ ನಂಬರಿನ ಕ್ರಮದಲ್ಲಿ ಒಬ್ಬೊಬ್ಬರನ್ನೇ ತೆಗೆದುಕೊಂಡು, ಅವರ ಪಟ್ಟಿಯನ್ನು ಮೇಲಿನಿಂದ ಓದುತ್ತ, ಮೊದಲು ಖಾಲಿ ಸಿಕ್ಕ ಸೀಟನ್ನು ಕೊಡುತ್ತದೆ. ನೀವು ವಿಜೆಟಿಐ ಕಂಪ್ಯೂಟರನ್ನು ಮೇಲೆ ಬರೆದು, ಅದು ಸಿಗದೆ, ಐದನೆಯ ಸ್ಥಾನದಲ್ಲಿದ್ದ ಕಾಲೇಜಿಗೆ ಬಂದರೆ, ಅದೇ ಕಾಲೇಜನ್ನು ಮೊದಲನೆಯದಾಗಿ ಬರೆದ ಕಡಿಮೆ ಮೆರಿಟ್‌ನ ಮಗುವಿಗಿಂತ ನಿಮ್ಮ ಮಗುವೇ ಮುಂದೆ. ‘ಮೇಲೆ ಬರೆದವರಿಗೆ ಮೊದಲು ಕೊಡುತ್ತಾರೆ’ ಎಂಬ ಮಾತು ತಪ್ಪು. ಆ ಮಾತು ನಂಬಿ ಆಸೆಯ ಕಾಲೇಜನ್ನು ಪಟ್ಟಿಯಿಂದ ತೆಗೆದವರು ಸುಮ್ಮನೆ ನಷ್ಟ ಮಾಡಿಕೊಳ್ಳುತ್ತಾರೆ.

ಎಚ್ಚರ ಬೇಕಾದ್ದು ಆಟೊ ಫ್ರೀಜ್ ನಿಯಮದಲ್ಲಿ, ಅಂದರೆ ಸಿಕ್ಕ ಸೀಟು ತಾನಾಗಿಯೇ ಖಾಯಂ ಆಗಿಬಿಡುವ ನಿಯಮದಲ್ಲಿ. 2025–26ರಿಂದ ರೌಂಡುಗಳು ಮೂರರಿಂದ ನಾಲ್ಕಾದವು. ಮೊದಲ ರೌಂಡಿನಲ್ಲಿ ಒಂದನೆಯ ಆಯ್ಕೆ ಸಿಕ್ಕರೆ ಅದನ್ನೇ ಒಪ್ಪಬೇಕು. ಎರಡನೆಯದರಲ್ಲಿ ಮೊದಲ ಮೂರರಲ್ಲಿ ಯಾವುದು ಸಿಕ್ಕರೂ, ಮೂರನೆಯದರಲ್ಲಿ ಮೊದಲ ಆರರಲ್ಲಿ ಯಾವುದು ಸಿಕ್ಕರೂ ಹಾಗೆಯೇ. ನಾಲ್ಕನೆಯದು ಕೊನೆ. ಇದರ ಅರ್ಥ ಬಹಳ ಸರಳ: ಮೂರನೆಯ ರೌಂಡಿಗೆ ಪಟ್ಟಿ ಮತ್ತೆ ಸಿದ್ಧಮಾಡುವಾಗ ಮೇಲಿನ ಆರು ಸ್ಥಾನದಲ್ಲಿ, ಸಿಕ್ಕರೆ ಮರುಮಾತಿಲ್ಲದೆ ಸೇರುವ ಸೀಟುಗಳು ಮಾತ್ರ ಇರಬೇಕು. ‘ನೋಡೋಣ’ ಎಂದು ಬರೆದ ಕಾಲೇಜು ನಾಲ್ಕನೆಯ ಸ್ಥಾನದಲ್ಲಿದ್ದು ಸಿಕ್ಕಿಬಿಟ್ಟರೆ ಮುಂದಿನ ರೌಂಡಿನ ಬಾಗಿಲು ಮುಚ್ಚಿತು. ಆಯಾ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ಈ ನಿಯಮವನ್ನು ಓದಿಯೇ ಮುಂದುವರಿಯಿರಿ.

ಕಟ್‌ಆಫ್ ಪಟ್ಟಿಯ ಸಂಕೇತಗಳು ಮೊದಲು ಗೊಂದಲ ಹುಟ್ಟಿಸುತ್ತವೆ. ‘ಜಿಓಪನ್‌ಎಸ್’ ಎಂದರೆ ಸಾಮಾನ್ಯ ಸೀಟು, ಓಪನ್ ವರ್ಗ, ರಾಜ್ಯಮಟ್ಟ. ಮೊದಲ ಅಕ್ಷರ ‘ಎಲ್’ ಆಗಿದ್ದರೆ ಹುಡುಗಿಯರಿಗೆ ಮೀಸಲಾದ 30 ಶೇಕಡ ಸೀಟು. ಕೊನೆಯ ಅಕ್ಷರ ‘ಎಚ್’ ಎಂದರೆ ಹೋಮ್ ಯೂನಿವರ್ಸಿಟಿ (ಮಗು ಓದಿದ ಪ್ರದೇಶದ ವಿಶ್ವವಿದ್ಯಾಲಯ), ‘ಓ’ ಎಂದರೆ ಹೊರಗಿನದು. ಟೈಪ್ ಎ ಮಗುವಿನ ಹೋಮ್ ಯೂನಿವರ್ಸಿಟಿ ಹನ್ನೆರಡನೆಯದನ್ನು ಪಾಸು ಮಾಡಿದ ಊರಿನ ಮೇಲೆ ನಿಲ್ಲುತ್ತದೆ. ಸೊಲ್ಲಾಪುರದಲ್ಲಿ ಓದಿದ ಮಗು ಪುಣೆ ವಿಶ್ವವಿದ್ಯಾಲಯದ ಕಾಲೇಜಿಗೆ ಹೊರಗಿನವಳಾಗುತ್ತಾಳೆ, ಹೋಮ್‌ನವರಿಗೆ 70, ಹೊರಗಿನವರಿಗೆ 30 ಎಂಬ ಹಂಚಿಕೆಯಲ್ಲಿ 30ರ ಪಾಲಿಗೆ ಸೇರುತ್ತಾಳೆ. ಸ್ವಾಯತ್ತ ಕಾಲೇಜುಗಳಲ್ಲಿ ಈ ಭೇದವಿಲ್ಲ. ಹುಡುಗಿಯರು ಎರಡೂ ಸಾಲು ನೋಡಬೇಕು, ಏಕೆಂದರೆ ಅವರನ್ನು ಸಾಮಾನ್ಯ ಸೀಟಿಗೂ ಎಲ್ ಸೀಟಿಗೂ ಪರಿಗಣಿಸುತ್ತಾರೆ.

ಭಾಷಾ ಅಲ್ಪಸಂಖ್ಯಾತ ಸೀಟುಗಳೆಂದು ಕೇಳಿ ಕನ್ನಡಿಗರು ಆಸೆಪಡುವುದುಂಟು. ವಿಲೆಪಾರ್ಲೆಯ ಡಿ.ಜೆ. ಸಂಘ್ವಿ ಗುಜರಾತಿ, ಚೆಂಬೂರಿನ ವಿವೇಕಾನಂದ ಸಂಸ್ಥೆ ಸಿಂಧಿ. ಅಲ್ಲಿನ ಆ ಸೀಟು ಆಯಾ ಭಾಷೆಯವರಿಗೆ ಮಾತ್ರ. ಕನ್ನಡ ಮಗುವಿಗೆ ಅಲ್ಲಿ ಉಳಿದ ಸೀಟುಗಳಷ್ಟೇ, ಹಾಗಾಗಿ ಓಪನ್ ಕಟ್‌ಆಫ್ ಏರಿಯೇ ಇರುತ್ತದೆ.

ಕುಟುಂಬದ ವರ್ಷದ ವರಮಾನ 8 ಲಕ್ಷದೊಳಗಿದ್ದರೆ ಟಿಎಫ್‌ಡಬ್ಲ್ಯುಎಸ್ ಎಂಬ ಬೋಧನಾ ಶುಲ್ಕ ವಿನಾಯಿತಿ ಯೋಜನೆಯನ್ನು ಬಿಡಬೇಡಿ. ಪ್ರತಿ ಶಾಖೆಗೆ 5 ಶೇಕಡ ಹೆಚ್ಚುವರಿ ಸೀಟು, ಬೋಧನಾ ಶುಲ್ಕ ಮನ್ನಾ. ಇದಕ್ಕೆ ಬೇರೆಯೇ ಆಯ್ಕೆ ಸಂಕೇತವಿದೆ. ಅದೇ ಕಾಲೇಜಿನ ಅದೇ ಶಾಖೆಯ ಮಾಮೂಲು ಸಂಕೇತದ ಮೇಲೆ ಇದನ್ನು ಬರೆಯಬೇಕು. ಕೆಳಗೆ ಬರೆದರೆ ಮಾಮೂಲು ಸೀಟು ಮೊದಲು ಸಿಕ್ಕಿ ಪೂರ್ತಿ ಶುಲ್ಕ ಬೀಳುತ್ತದೆ. ಅಭಿವೃದ್ಧಿ ಶುಲ್ಕ ಮುಂತಾದವು ಇದರಲ್ಲೂ ಕಟ್ಟಬೇಕಾಗುತ್ತದೆ. ಇದರ ಜೊತೆಗೆ 2024ರ ಜುಲೈ ಆದೇಶದಂತೆ ಇಡಬ್ಲ್ಯುಎಸ್ (ಆರ್ಥಿಕವಾಗಿ ದುರ್ಬಲ), ಎಸ್‌ಇಬಿಸಿ (ಸಾಮಾಜಿಕ, ಶೈಕ್ಷಣಿಕವಾಗಿ ಹಿಂದುಳಿದ), ಒಬಿಸಿ ವರ್ಗದ, 8 ಲಕ್ಷದೊಳಗಿನ ವರಮಾನದ ಮನೆಯ ಹೆಣ್ಣುಮಕ್ಕಳಿಗೆ ಬೋಧನಾ ಮತ್ತು ಪರೀಕ್ಷಾ ಶುಲ್ಕ ಪೂರ್ತಿ ಸರ್ಕಾರದ್ದು. ಕ್ಯಾಪ್ ಮೂಲಕ ಸೇರಿದವರಿಗೆ ಮಾತ್ರ. ಮ್ಯಾನೇಜ್‌ಮೆಂಟ್ ಸೀಟು ತೆಗೆದುಕೊಂಡರೆ ಈ ಸೌಲಭ್ಯ ಹೋಯಿತು. ನಮ್ಮ ಎಷ್ಟೋ ಮನೆಗಳಲ್ಲಿ ಮಗನಿಗೆ ಎಂಜಿನಿಯರಿಂಗ್, ಮಗಳಿಗೆ ಬಿ.ಕಾಂ. ಎಂದು ಶುಲ್ಕ ನೋಡಿ ತೀರ್ಮಾನಿಸುವಾಗ ಈ ಆದೇಶ ಯಾರಿಗೂ ನೆನಪಿರುವುದಿಲ್ಲ. ಅದು ಬಹಳ ನೋವಿನ ಸಂಗತಿ.

ಪಟ್ಟಿ ಎಷ್ಟು ಉದ್ದವಿರಬೇಕು? ಇಪ್ಪತ್ತು ಆಯ್ಕೆ ಬರೆದು ನಿಲ್ಲಿಸುವುದು ಅಪಾಯ. 60ರಿಂದ 100 ಇದ್ದರೆ ನೆಮ್ಮದಿ. ಮೆರಿಟ್ ನಂಬರ್ 6,000 ಎಂದಿಟ್ಟುಕೊಳ್ಳಿ: ಹೋದ ವರ್ಷ 3,000ದಿಂದ 6,000ದೊಳಗೆ ಮುಚ್ಚಿದ ಸೀಟುಗಳು ಮೇಲೆ, 6,000ದಿಂದ 9,000 ನಡುವೆ, 15,000ದವರೆಗಿನವು ಕೆಳಗೆ. ಮೊದಲ ರೌಂಡ್ ಮತ್ತು ಕೊನೆಯ ರೌಂಡಿನ ಕಟ್‌ಆಫ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾವ ಕಾಲೇಜಿನ ಸೀಟು ಕೆಳಗಿಳಿಯುತ್ತದೆ, ಯಾವುದು ಅಲುಗಾಡುವುದಿಲ್ಲ ಎಂಬುದು ಗೊತ್ತಾಗುತ್ತದೆ. ಒಂದೇ ಕಾಲೇಜಿನಲ್ಲಿ ಕಂಪ್ಯೂಟರ್ ಮತ್ತು ಐಟಿಯ ಪಾಠ ಬಹುಪಾಲು ಒಂದೇ. ಒಳ್ಳೆಯ ಕಾಲೇಜಿನ ಐಟಿಯನ್ನು ಬಿಟ್ಟು ಸಾಧಾರಣ ಕಾಲೇಜಿನ ಕಂಪ್ಯೂಟರಿಗೆ ಹೋಗುವುದರಲ್ಲಿ ಅರ್ಥ ಕಾಣದು. ಎರಡನೆಯ ವರ್ಷ ಶಾಖೆ ಬದಲಿಸಿಕೊಳ್ಳೋಣ ಎಂಬ ಭರವಸೆಯ ಮೇಲೆ ಬೇಡದ ಶಾಖೆಗೆ ಸೇರಬೇಡಿ. ಖಾಲಿ ಸೀಟು ಇದ್ದರೆ ತಾನೇ ಬದಲಾವಣೆ.

ಪ್ರಯಾಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಡೊಂಬಿವಿಲಿಯಿಂದ ಮಾಟುಂಗಕ್ಕೆ ಒಂದೇ ರೈಲು. ಅಂಧೇರಿಯ ಭವನ್ಸ್ ಆವರಣಕ್ಕಾದರೆ ಘಾಟ್ಕೋಪರಿನಲ್ಲಿ ಇಳಿದು ಮೆಟ್ರೊ ಹಿಡಿದು ಆಜಾದ್ ನಗರ. ನಾಲ್ಕು ವರ್ಷ ದಿನವೂ ಇದನ್ನು ಮಾಡುವ ಮಗುವಿನ ಮಾತು ಕೇಳಿಯೇ ಕ್ರಮ ಬರೆಯಿರಿ.

ಹಣ ಪಡೆದು ಆಪ್ಷನ್ ಫಾರ್ಮ್ ತುಂಬಿಕೊಡುವ ಸಲಹಾ ಕೇಂದ್ರಗಳು ಎರಡೂ ನಗರಗಳಲ್ಲಿ ಬೇಕಾದಷ್ಟಿವೆ. ಅವರ ಕೈಯಲ್ಲಿರುವ ಕಟ್‌ಆಫ್ ಪಟ್ಟಿ ಸಿಇಟಿ ಸೆಲ್ ಎಲ್ಲರಿಗೂ ಉಚಿತವಾಗಿ ಕೊಡುವ ಪಟ್ಟಿಯೇ. ಟೈಪ್ ಬಿ, ಸಿ ತೊಡಕಿರುವವರಿಗೆ ಒಮ್ಮೆ ಕೂತು ಮಾತಾಡಲು ಅನುಭವಿಗಳು ಸಿಕ್ಕರೆ ಒಳ್ಳೆಯದೇ, ಅದಕ್ಕೆ ಇಡೀ ಪ್ಯಾಕೇಜ್ ಕೊಳ್ಳಬೇಕಿಲ್ಲ. ಲಾಗಿನ್, ಪಾಸ್‌ವರ್ಡ್, ಒಟಿಪಿ ಯಾರಿಗೂ ಕೊಡಬೇಡಿ. ಪಟ್ಟಿ ಕನ್‌ಫರ್ಮ್ ಮಾಡುವ ಗುಂಡಿ ಮಗುವೇ ಒತ್ತಬೇಕು, ಒತ್ತಿದ ಮೇಲೆ ಮುದ್ರಿತ ಪ್ರತಿ ತೆಗೆದಿಟ್ಟುಕೊಳ್ಳಬೇಕು. ಬರೀ ಉಳಿಸಿಟ್ಟು ಕನ್‌ಫರ್ಮ್ ಮಾಡದೆ ಬಿಟ್ಟ ಪಟ್ಟಿಯನ್ನು ಯಂತ್ರ ಓದುವುದೇ ಇಲ್ಲ.

ಸೀಟು ಸಿಕ್ಕ ಮೇಲೆ ಲಾಗಿನ್‌ನಲ್ಲಿ 1000 ರೂಪಾಯಿ ಸ್ವೀಕೃತಿ ಶುಲ್ಕ ಕಟ್ಟಿ ಫ್ರೀಜ್ (ಇದೇ ಸೀಟು ಸಾಕು) ಅಥವಾ ಬೆಟರ್‌ಮೆಂಟ್ (ಇನ್ನೂ ಮೇಲಿನದು ಬೇಕು) ಆರಿಸಬೇಕು. ಬೆಟರ್‌ಮೆಂಟ್ ಆರಿಸಿದವರಿಗೆ ಮುಂದಿನ ರೌಂಡಿನಲ್ಲಿ ಮೇಲಿನದು ಸಿಕ್ಕರೆ ಹಳೆಯ ಸೀಟು ತಾನಾಗಿಯೇ ಹೋಗುತ್ತದೆ, ಸಿಗದಿದ್ದರೆ ಹಳೆಯದೇ ಉಳಿಯುತ್ತದೆ. ಆದ್ದರಿಂದ ಕೈಯಲ್ಲಿರುವ ಸೀಟಿಗಿಂತ ನಿಜವಾಗಿ ಮೇಲೆನಿಸುವುದನ್ನೇ ಅದರ ಮೇಲೆ ಇಡಿ.

ಕರ್ನಾಟಕದ ಕಡೆಯೂ ಪ್ರಯತ್ನಿಸುವವರಿಗೆ ಕೆಸಿಇಟಿಯಲ್ಲಿ ಹೊರನಾಡು ಮತ್ತು ಗಡಿನಾಡು ಕನ್ನಡಿಗರ ಅವಕಾಶವಿದೆ. ಕನ್ನಡ ಭಾಷಾ ಪರೀಕ್ಷೆಯನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಬೇರೆಯಾಗಿ ನಡೆಸುತ್ತದೆ. ಮನೆಯಲ್ಲಿ ಕನ್ನಡ ಮಾತಾಡಿ ಓದಲು ಬರೆಯಲು ಬಾರದ ಮಕ್ಕಳು ಅದಕ್ಕೆ ಮೊದಲೇ ಅಕ್ಷರ ಕಲಿಯಬೇಕು. ಎರಡೂ ಕಡೆ ಸೀಟು ಸಿಕ್ಕಿ ಇಲ್ಲಿನದನ್ನು ಬಿಡುವುದಾದರೆ ಕಾಲೇಜಿಗೆ ಪತ್ರ ಕೊಟ್ಟರೆ ಸಾಲದು, ಲಾಗಿನ್ ಮೂಲಕವೇ ರದ್ದತಿ ಸಲ್ಲಿಸಬೇಕು. ಕೊನೆಯ ದಿನಾಂಕದೊಳಗೆ ಸಲ್ಲಿಸಿದರೆ 1000 ರೂಪಾಯಿ ಕಳೆದು ಉಳಿದ ಶುಲ್ಕ ವಾಪಸು ಬರುತ್ತದೆ. ಆ ಅರ್ಜಿಯ ಪ್ರತಿಯನ್ನೂ, ಮೂಲ ಲೀವಿಂಗ್ ಸರ್ಟಿಫಿಕೇಟನ್ನೂ ಕೈಗೆ ತೆಗೆದುಕೊಂಡೇ ಕಾಲೇಜಿನ ಗೇಟು ದಾಟಿ.